ಮೂವತ್ತೇಳು ಜನ ಕಡಿಮೆ

ಫೆಬ್ರವರಿ 4
ನಮ್ಮ ಊರು: 4,92,000. ಅವರ ಊರು: 5,06,000. (ಎರಡೂ ಜನಸಂಖ್ಯೆಯ ಅಂದಾಜು.)

ಇವತ್ತಿನ ಪತ್ರಿಕೆ ನೋಡಿ ಮೈಯೆಲ್ಲ ಉರಿದುಹೋಯಿತು. ಒಳಪುಟದಲ್ಲಿ ಅರ್ಧ ಪುಟದ ಚಿತ್ರ. ಮೇಲೆ ನಮ್ಮೊಡನೆ ಸದಾ ಪೈಪೋಟಿಗಿರುವ ಅವರ ಊರು, ಕೆಳಗೆ ನಮ್ಮ ಊರು. ಎರಡನ್ನೂ ಆಕಾಶಕ್ಕೆ ಆನಿಸಿ ಕಪ್ಪು ಗೆರೆಯಲ್ಲಿ ಬರೆದಿದ್ದಾರೆ. ಅವರದು ಬಾಚಣಿಗೆಯ ಹಲ್ಲಿನ ಹಾಗೆ ಎದ್ದು ನಿಂತಿದೆ. ನಮ್ಮದರಲ್ಲಿ ನೀರಿನ ಟ್ಯಾಂಕೊಂದು ಬಿಟ್ಟರೆ ಎಲ್ಲ ಚಪ್ಪಟೆ. ಕೆಳಗೆ ಬರೆದಿರುವುದೇನು? ‘ಎದ್ದ ಊರು, ಕೂತ ಊರು’!

ಬರೆದ ಮಹಾಶಯ ಎಲ್ಲಿ ನಿಂತು ಬರೆದ ಎಂಬುದು ನನಗೆ ಗೊತ್ತು. ಹಳೇ ಇಟ್ಟಿಗೆ ಭಟ್ಟಿಯ ಹತ್ತಿರ, ರೈಲಿನ ದಿಬ್ಬ ಅರ್ಧ ಊರನ್ನೇ ಮುಚ್ಚುವ ಕಡೆ. ಉತ್ತರದ ಸೇತುವೆ ಮೇಲೆ ನಿಂತಿದ್ದರೆ ಒಂಬತ್ತು ಮಹಡಿಯ ಟೆಲಿಫೋನ್ ಕಚೇರಿ, ಕೋರ್ಟಿನ ಗಡಿಯಾರ, ಗಿರಣಿಯ ಎರಡು ಚಿಮಣಿ ಎಲ್ಲ ಕಾಣುತ್ತಿತ್ತು. ಇಪ್ಪತ್ತೆರಡು ವರ್ಷ ಎಣಿಕೆ ಕಚೇರಿಯಲ್ಲಿ ಕೂತು ಈ ಊರಿನ ತಲೆ ಎಣಿಸಿದವಳು ನಾನು. ನನ್ನನ್ನು ಒಂದು ಮಾತು ಕೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ಇದರಲ್ಲಿ ಮಹಡಿರಾಯನ ಕೈವಾಡ ಇದ್ದೇ ಇದೆ. ಅವರ ಊರಿನ ಎಣಿಕೆ ಕಚೇರಿಯ ಮುಖ್ಯಸ್ಥನಿಗೆ ನಾನು ಇಟ್ಟ ಹೆಸರು ಅದು. ಹನ್ನೆರಡು ವರ್ಷದಿಂದ ಪತ್ರವ್ಯವಹಾರ, ಮುಖ ಮಾತ್ರ ನೋಡಿಲ್ಲ. ಜನನ ಮರಣದ ಅಂಕಿ ಕೇಳಿದರೆ ಅಂಕಿಯ ಕೆಳಗೆ ಒಂದು ಸಾಲು ಸೇರಿಸಿಯೇ ಕಳಿಸುತ್ತಾನೆ: ‘ನಮ್ಮಲ್ಲಿ ಈ ವರ್ಷ ಇಪ್ಪತ್ತೇಳು ಮಹಡಿಯ ಮೂರು ಕಟ್ಟಡಗಳು ಪೂರ್ಣಗೊಂಡಿವೆ.’ ಕೇಳಿದವರು ಯಾರಪ್ಪ?

ಪತ್ರಿಕೆಯನ್ನು ಅಕ್ಕನ ಹೊಲಿಗೆ ಯಂತ್ರದ ಮೇಲೆ ಎಸೆದೆ. ಅವಳು ಕನ್ನಡಕ ಸರಿಸಿ ನೋಡಿದಳು. "ಕೂತ ಊರು ಅಂದ್ರೆ ಬೈಗುಳ ಏನೇ? ನಾನು ನಲವತ್ತು ವರ್ಷ ಕೂತೇ ದುಡಿದಿದ್ದೀನಿ" ಎಂದಳು. ಅವಳಿಗೆ ಯಾವುದಕ್ಕೂ ಸಿಟ್ಟು ಬರುವುದಿಲ್ಲ. ಸೋಮವಾರದಿಂದ ಅದೇ ಎದ್ದ ಊರಿಗೆ ಹೋಗಿ ಗಂಟಿಗೆ ಕಿರಣ ಚಿಕಿತ್ಸೆ ತೆಗೆದುಕೊಳ್ಳಬೇಕಾದವಳು ಅವಳು, ಆದರೂ ಸಿಟ್ಟಿಲ್ಲ. ಅವಳ ಪಾಲಿನದನ್ನೂ ನಾನೇ ಮಾಡಿಕೊಳ್ಳಬೇಕು.

ಫೆಬ್ರವರಿ 10

ಹೋಗುವುದಕ್ಕೆ ಬಸ್ಸಿನಲ್ಲಿ ಮೂರು ಗಂಟೆ, ಬರುವುದಕ್ಕೆ ಮೂರು ಗಂಟೆ. ಯಂತ್ರದ ಕೆಳಗೆ ಮಲಗುವುದು ನಾಲ್ಕು ನಿಮಿಷ. ಹೀಗೆ ಮೂವತ್ತು ಸಲ ಆಗಬೇಕಂತೆ.

ಐದು ಲಕ್ಷ ಜನ ಇರುವ ಊರಿಗೆ ಮಾತ್ರ ಆ ಯಂತ್ರ ಕೊಡುವುದು ಸರಕಾರದ ನಿಯಮ. ಅವರು ಹೋದ ಎಣಿಕೆಯಲ್ಲಿ ಐದು ಲಕ್ಷ ದಾಟಿದ್ದು ಹೇಗೆ? ಪಕ್ಕದ ಎರಡು ಬಡಾವಣೆಗಳನ್ನು ಎಣಿಕೆಗೆ ಒಂದು ತಿಂಗಳು ಮುಂಚೆ ಊರೊಳಗೆ ಸೇರಿಸಿಕೊಂಡು! ನಾವು ಆಗ ನ್ಯಾಯವಾಗಿ ಎಣಿಸಿ 4,61,000 ಕ್ಕೆ ನಿಂತೆವು. ನ್ಯಾಯವಾಗಿದ್ದವರ ಅಕ್ಕಂದಿರು ಪ್ಲಾಸ್ಟಿಕ್ ಚೀಲ ಹಿಡಿದುಕೊಂಡು ಬಸ್ಸಿನ ಕಿಟಕಿ ಸೀಟಿನಲ್ಲಿ ಕೂರಬೇಕು.

ದೂರದಿಂದ ಅವರ ಕಟ್ಟಡಗಳು ಕಂಡಾಗ ನಾನು ಬೇಕೆಂದೇ ಮುಖ ತಿರುಗಿಸಿದೆ. ಅಕ್ಕ ಮಾತ್ರ ಬಗ್ಗಿ ಬಗ್ಗಿ ನೋಡಿ "ಚೆನ್ನಾಗಿದೆ ಕಣೇ" ಎಂದಳು. ಅಷ್ಟು ಹೇಳಿದವಳೇ ವಾಂತಿ ಮಾಡಿಕೊಂಡಳು.

ಫೆಬ್ರವರಿ 20

ಒಂಬತ್ತು ಸಲ ಆಯಿತು. ಇವತ್ತು ಬೆಳಿಗ್ಗೆ ಅಕ್ಕ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತವಳು ಏಳಲೇ ಇಲ್ಲ. "ಸಾಕು ಹುಡುಗಿ. ಈ ಬಸ್ಸು ನನ್ನ ಕೈಲಾಗಲ್ಲ" ಎಂದಳು. ನನಗೀಗ ಐವತ್ತೊಂದು, ಇನ್ನೂ ಹುಡುಗಿ. ಬೈದೆ, ಬೇಡಿಕೊಂಡೆ, ಕೊನೆಗೆ ಟ್ಯಾಕ್ಸಿ ಮಾಡಿದೆ. ಡಾಕ್ಟರ್ ನೋಡಿದವರೇ ವಾರ್ಡಿಗೆ ಸೇರಿಸಿಕೊಂಡರು. ಐದನೇ ಮಹಡಿ, ಹತ್ತೊಂಬತ್ತನೇ ಮಂಚ, ಕಿಟಕಿಯ ಪಕ್ಕ. ಇನ್ನು ಬಸ್ಸಿಲ್ಲ.

ನಾನು ವಾರಕ್ಕೆ ಮೂರು ದಿನ ಬಂದು ಹೋಗುವುದೆಂದು ಒಪ್ಪಂದ. ಕಿಟಕಿಯಿಂದ ಮಹಡಿರಾಯನ ಇಪ್ಪತ್ತೇಳು ಮಹಡಿಯ ಮೂರೂ ಕಟ್ಟಡಗಳು ಕಾಣುತ್ತವೆ. ರೋಗಿಗಳಿಗೆ ಇದೊಂದು ಶಿಕ್ಷೆ ಬೇರೆ!

ಫೆಬ್ರವರಿ 24

ಅಕ್ಕ ಒಂದು ಒಳ್ಳೆಯ ಕೆಲಸ ಮಾಡಿದ್ದಾಳೆ. ಮಲಗಿದಲ್ಲಿಂದಲೇ ಎದುರಿನ ಕಟ್ಟಡಗಳಲ್ಲಿ ಬಟ್ಟೆ ಒಣಗಿಸುವ ಬಾಲ್ಕನಿಗಳನ್ನು ಎಣಿಸಿಟ್ಟಿದ್ದಾಳೆ. ಇನ್ನೂರ ಹದಿನಾರು ಬಾಲ್ಕನಿಗಳಲ್ಲಿ ಬಟ್ಟೆ ಇರುವುದು ನಲವತ್ತನಾಲ್ಕರಲ್ಲಿ! ಮಿಕ್ಕ ಮನೆಗಳೆಲ್ಲ ಖಾಲಿ. ಜನರೇ ಇಲ್ಲದ ಮಹಡಿಗಳನ್ನು ಆಕಾಶದವರೆಗೆ ಪೇರಿಸಿ ಎದ್ದ ಊರಂತೆ. ಬೇಕಾದಷ್ಟು ಬಾರಿ ಹೇಳಿದ್ದೇನೆ, ಎತ್ತರ ಬೇರೆ, ಜನ ಬೇರೆ. ನಮ್ಮಲ್ಲಿ ಗಿರಣಿ ಬೀದಿಯ ಎರಡು ಮಹಡಿಯ ಒಂದು ಮನೆಯಲ್ಲಿ ಮೂವತ್ತೊಂದು ಜನ ಇದ್ದಾರೆ.

ಅಕ್ಕ ಆ ಅಂಕಿ ಹೇಳಿ ಸುಮ್ಮನಾಗಲಿಲ್ಲ. "ಹನ್ನೊಂದನೇ ಮಹಡೀಲಿ ಒಬ್ಬಳಿದ್ದಾಳೆ ನೋಡು. ದಿನಾ ಎಂಟೂವರೆಗೆ ಹಳದಿ ಹೊದಿಕೆ ತಂದು ಹಾಕ್ತಾಳೆ. ದಿನಾ ಒಗೀತಾಳೆ ಅಂದ್ರೆ ಮನೇಲಿ ಕೂಸೋ ಮುದುಕರೋ ಇರಬೇಕು" ಎಂದಳು. ನಾನು 44ರ ಕೆಳಗೆ ಎರಡು ಗೆರೆ ಎಳೆದುಕೊಂಡೆ.

ಫೆಬ್ರವರಿ 26

ಎಣಿಕೆಗೆ ಹೋಗುವವರಿಗೆ ಕೊನೆಯ ತರಬೇತಿ. ನಮ್ಮ ಕಚೇರಿಯ ಸಾಹೇಬರು ಯಥಾಪ್ರಕಾರ ಎರಡು ಮಾತಾಡಿ ಚಹಾ ಕುಡಿಯಲು ಹೋದರು. ಮಿಕ್ಕ ಮೂರು ಗಂಟೆ ನಾನೇ. ಕೈಪುಸ್ತಕದ ಹದಿನಾಲ್ಕನೇ ಕಂಡಿಕೆಯನ್ನು ಎಲ್ಲರಿಂದ ಗಟ್ಟಿಯಾಗಿ ಓದಿಸಿದೆ: ‘ಎಣಿಕೆಯ ರಾತ್ರಿ ಯಾರು ಎಲ್ಲಿ ಮಲಗಿದ್ದರೋ ಅಲ್ಲಿಯೇ ಅವರನ್ನು ಎಣಿಸತಕ್ಕದ್ದು.’ ಒಬ್ಬ ಮೇಷ್ಟ್ರು ಎದ್ದು, "ಮದುವೆಗೆ ಅಂತ ಬೇರೆ ಊರಿಗೆ ಹೋಗಿದ್ರೆ?" ಎಂದರು. ಮಲಗಿದ ಕಡೆ. "ನಮ್ಮಮ್ಮನೇ ಆಗಿದ್ರೂ?" ನಿಮ್ಮಮ್ಮನೇ ಆಗಿದ್ದರೂ ಮಲಗಿದ ಕಡೆ! ಎಲ್ಲರೂ ನಕ್ಕರು. ಆ ಕಂಡಿಕೆ ಹತ್ತು ವರ್ಷದ ಹಿಂದೆ ನಾನೇ ಬರೆದುಕೊಟ್ಟದ್ದು. ಒಂದಕ್ಷರ ಬದಲಿಸದೆ ಇಡೀ ದೇಶಕ್ಕೆ ಅಚ್ಚು ಹಾಕಿಸಿದ್ದಾರೆ. ಅಲ್ಪವಿರಾಮ ಕೂಡ ನನ್ನದೇ.

ಮಾರ್ಚ್ 1

ನಿನ್ನೆ ಮಧ್ಯಾಹ್ನ ಅಕ್ಕನಿಗೆ ಜ್ವರ ಏರಿದೆಯೆಂದು ಫೋನ್ ಬಂತು. ಎಣಿಕೆಯ ದಿನ ನನ್ನ ಕೆಲಸ ಶುರುವಾಗುವುದು ಮಧ್ಯಾಹ್ನದ ಮೇಲೆ, ಕಾಗದಗಳು ಬಂದಾದ ಮೇಲೆ. ಸಾಹೇಬರು ಮುಖ ಗಂಟಿಕ್ಕಿಕೊಂಡೇ ಕಳಿಸಿದರು.

ಬೆಳಿಗ್ಗೆ ಆರಕ್ಕೆ ವಾರ್ಡಿಗೆ ಎಣಿಕೆಯ ಹುಡುಗಿ ಬಂದಳು. ಮಹಡಿರಾಯನ ಊರಿನವಳು, ಪಾಪ, ಗಾಬರಿಯಾಗಿದ್ದಳು. "ನೀವು ಬರೀ ನೋಡಕ್ಕೆ ಬಂದವರಲ್ವಾ, ನಿಮ್ಮನ್ನ ಬಿಡಲಾ?" ಎಂದಳು. ಬಿಡುವುದೆಂದರೇನು! ಹದಿನಾಲ್ಕನೇ ಕಂಡಿಕೆ ಓದಿಲ್ಲವೇ? ನಾನು ಇಲ್ಲಿ ಈ ಕುರ್ಚಿಯಲ್ಲಿ ಮಲಗಿದ್ದೆ, ಇಲ್ಲಿಯೇ ಬರೆದುಕೋ ಎಂದೆ. ಅಷ್ಟೇ ಅಲ್ಲ, ಅವಳು ಬಿಟ್ಟಿದ್ದ ಇಬ್ಬರು ಜೊತೆಗಾರರನ್ನು ಕಾರಿಡಾರಿನಿಂದ ಕರೆತಂದು ಬರೆಸಿದೆ. ಅವಳ ಕಾಗದದಲ್ಲಿ ಮೂರು ತಪ್ಪು ತಿದ್ದಿಕೊಟ್ಟೆ. ತುಂಬ ಉಪಕಾರವಾಯಿತು ಎಂದು ಕೈಮುಗಿದು ಹೋದಳು.

ಅಕ್ಕನ ಜ್ವರ ಇಳಿದಿದೆ. ರಕ್ತ ಕಡಿಮೆಯಾಗಿದೆಯಂತೆ, ಅದಕ್ಕೆ ಕಿರಣವನ್ನು ಎರಡು ವಾರ ನಿಲ್ಲಿಸುತ್ತಾರೆ.

ಮಾರ್ಚ್ 24
ನಮ್ಮ ಊರು: 4,99,963. ಅವರ ಊರು: 5,12,408.

ಮೂವತ್ತೇಳು ಜನ ಕಡಿಮೆ. ಬರೀ ಮೂವತ್ತೇಳು!

ನಾಲ್ಕು ಸಲ ಕೂಡಿಸಿದೆ. ಸಾಹೇಬರು ಐದನೇ ಸಲ ಕೂಡಿಸಿ, "ಹೋಗ್ಲಿ ಬಿಡಿ, ಮುಂದಿನ ಎಣಿಕೇಲಿ ಬರ್ತದೆ" ಎಂದರು. ಮುಂದಿನ ಎಣಿಕೆ ಹತ್ತು ವರ್ಷಕ್ಕೆ. ಹತ್ತು ವರ್ಷ ಬಸ್ಸು! ಆ ಮನುಷ್ಯನ ಮನೆಯವರಲ್ಲಿ ಯಾರ ಮೈಯಲ್ಲೂ ಗಂಟು ಸಿಕ್ಕಿಲ್ಲ, ಅದಕ್ಕೇ ಹೋಗ್ಲಿ ಬಿಡಿ ಅನ್ನುತ್ತಾರೆ.

ಮಾರ್ಚ್ 25

ಅಕ್ಕನ ಹತ್ತಿರ ಹೋಗಿ ಮೂವತ್ತೇಳರ ಗೋಳು ತೋಡಿಕೊಂಡೆ. ಅವಳು ಹದಿನೆಂಟನೇ ಮಂಚದ ಕಡೆ ತಲೆ ತಿರುಗಿಸಿ, "ಈ ಟೀಚರಮ್ಮ ನಮ್ಮೂರವರೇ. ಇಪ್ಪತ್ತನೇದು ಸೈಕಲ್ ಅಂಗಡಿಯವರ ಹೆಂಡತಿ, ಅವರೂ ನಮ್ಮೂರು. ಏಳನೇದು ಡ್ರೈವರಣ್ಣಂದು, ಹೋದ ವಾರ ತೀರಿಕೊಂಡ್ರಲ್ಲ, ಅವರೂ. ಅರ್ಧ ವಾರ್ಡು ನಮ್ಮವರೇ ಕಣೇ. ಊರು ಇಲ್ಲೇ ಇದೆ" ಎಂದಳು.

ನರ್ಸಮ್ಮನನ್ನು ಕಾಡಿ ಬೇಡಿ ಆ ರಾತ್ರಿಯ ಹಾಜರಿ ಪುಸ್ತಕ ನೋಡಿದೆ. ಫೆಬ್ರವರಿ ಕೊನೆಯ ರಾತ್ರಿ ಈ ಆಸ್ಪತ್ರೆಯಲ್ಲಿ ಮಲಗಿದ್ದ ನಮ್ಮ ಊರಿನವರು ನಲವತ್ತೊಂದು ಜನ! ಇಪ್ಪತ್ತೊಂಬತ್ತು ರೋಗಿಗಳು, ಹನ್ನೆರಡು ಜೊತೆಗಾರರು. ಅಷ್ಟೂ ಜನ ಇವರ ಲೆಕ್ಕಕ್ಕೆ ಹೋಗಿದ್ದಾರೆ.

ಇದೆಂಥ ಅನ್ಯಾಯ! ನಮ್ಮಲ್ಲಿ ಯಂತ್ರ ಇಲ್ಲ, ಅದಕ್ಕೆ ನಮ್ಮವರು ಇಲ್ಲಿ ಬಂದು ಮಲಗುತ್ತಾರೆ. ಇಲ್ಲಿ ಮಲಗಿದರು, ಅದಕ್ಕೆ ನಮ್ಮಲ್ಲಿ ಜನ ಕಡಿಮೆ. ಜನ ಕಡಿಮೆ, ಅದಕ್ಕೆ ನಮಗೆ ಯಂತ್ರ ಇಲ್ಲ. ಇದನ್ನು ಬರೆದ ಕತ್ತೆ ಯಾರು ಎಂದು ಕಾರಿಡಾರಿನಲ್ಲಿ ಕೂಗಾಡುತ್ತಿದ್ದೆ. ಅರ್ಧದಲ್ಲಿ ನೆನಪಾಗಿ ಬಾಯಿ ಮುಚ್ಚಿಕೊಂಡೆ.

ಅವತ್ತು ಕಾರಿಡಾರಿನಿಂದ ಇಬ್ಬರನ್ನು ಕರೆತಂದು ಬರೆಸಿದವಳೂ ನಾನೇ.

ಮಾರ್ಚ್ 28

ಮೇಲಿನ ಕಚೇರಿಗೆ ಏಳು ಪುಟದ ಪತ್ರ ಬರೆದಿದ್ದೆ. ಒಂದೂವರೆ ಸಾಲಿನ ಉತ್ತರ ಬಂತು: ‘ಕೈಪುಸ್ತಕದ ಕಂಡಿಕೆ 14ನ್ನು ನೋಡಿಕೊಳ್ಳುವುದು.’ ನನಗೆ! ಕಂಡಿಕೆ 14 ನೋಡಿಕೊಳ್ಳಬೇಕಂತೆ ನಾನು!

ನೋಡಿಕೊಂಡೆ. ಹದಿನಾಲ್ಕರಿಂದ ಐವತ್ತೆರಡರವರೆಗೆ ಒಂದೂ ಬಿಡದೆ ನೋಡಿಕೊಂಡೆ. ನಲವತ್ತೊಂಬತ್ತರಲ್ಲಿ ದಾರಿ ಇದೆ. ಇದನ್ನು ಬರೆದವರು ಯಾರೋ ಪುಣ್ಯಾತ್ಮರು, ನಾನಲ್ಲ. ಎರಡು ಊರುಗಳ ಎಣಿಕೆ ಕಚೇರಿಗಳು ಒಪ್ಪಿದರೆ ತಾತ್ಕಾಲಿಕವಾಗಿ ಬಂದವರನ್ನು ಸ್ವಂತ ಊರಿಗೆ ಮರಳಿಸಬಹುದು. ಒಬ್ಬೊಬ್ಬರೂ ಜಂಟಿ ನಮೂನೆಯಲ್ಲಿ ಹೆಸರು, ಊರು ಬಿಟ್ಟ ಕಾರಣ, ವಾಪಸಾಗುವ ದಿನ ಬರೆದು ಸಹಿ ಮಾಡಬೇಕು. ದಿನ ಬರೆಯದಿದ್ದರೆ ಸಲ್ಲದು. ಕೊನೆಯ ದಿನ ಏಪ್ರಿಲ್ ಹತ್ತು, ಸಂಜೆ ಐದು.

ಅಂದರೆ ಮಹಡಿರಾಯನ ಕಾಲು ಹಿಡಿಯಬೇಕು.

ಏಪ್ರಿಲ್ 1

ಹಿಡಿಯಬೇಕಾಗಿ ಬರಲಿಲ್ಲ. ಬಗ್ಗಿದ್ದರೂ ಸಿಗುತ್ತಿರಲಿಲ್ಲ, ಅಷ್ಟು ಕುಳ್ಳ ಆತ! ಕೌಂಟರಿನ ಹಿಂದೆ ಮಣೆ ಹಾಕಿಕೊಂಡು ನಿಲ್ಲುತ್ತಾನೆ. ಹನ್ನೆರಡು ವರ್ಷದಿಂದ ಆರಡಿಯ ಆಸಾಮಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬೈಯುತ್ತಿದ್ದೆ. ಬೈಗುಳವೆಲ್ಲ ತಲೆಯ ಮೇಲಿಂದ ಹೋಗಿರಬೇಕು.

"ನೀವೇ ಏನು, ‘ಗಿರಣಿ ಬೀದಿಯ ಮನೆಯೊಂದರಲ್ಲಿ ಮೂವತ್ತೊಂದು ಜನ’ ಅಂತ ಪ್ರತಿ ಪತ್ರದಲ್ಲೂ ಬರೀತಿದ್ದವರು?" ಎಂದ. ನಾನು ಹಾಗೆ ಬರೆಯುತ್ತಿದ್ದೆನೇ? ಬರೆಯುತ್ತಿದ್ದೆ.

ಬಟ್ಟೆ ಒಣಗುವ ನಲವತ್ತನಾಲ್ಕು ಬಾಲ್ಕನಿಗಳ ಅಂಕಿಯನ್ನು ಮುಖಕ್ಕೆ ಹಿಡಿದೆ. ಆತ ಮಣೆಯಿಂದ ಇಳಿದ. "ನಲವತ್ತಮೂರು. ಒಂದು ಮನೆಯವರು ಎರಡು ಬಾಲ್ಕನಿಗೆ ಹಾಕ್ತಾರೆ. ಗೊತ್ತಮ್ಮಾ, ಖಾಲಿ ಇದಾವೆ. ನಮ್ಮ ಮೇಯರಿಗೆ ಹೇಳೋರು ಯಾರು? ಬರೀ ಅಂತಾರೆ, ಬರೀತೀನಿ" ಎಂದ. ನಮೂನೆ ಓದಿದ. ನಲವತ್ತೊಂದು ಹೋದರೂ ಅವರಿಗೇನೂ ಕೊರತೆಯಿಲ್ಲ, ಆದರೂ ಅವರ ಮೇಯರು ಇವನ ಜೀವ ತಿನ್ನುತ್ತಾನಂತೆ. "ಸಹಿ ತನ್ನಿ, ಮೊಹರು ನಾನು ಒತ್ತುತೀನಿ" ಎಂದ.

ಇಷ್ಟು ಸಲೀಸಾಗಿ ಒಪ್ಪಿದ್ದರಲ್ಲಿ ಏನೋ ಮಸಲತ್ತು ಇರಬೇಕೆಂದು ದಾರಿಯುದ್ದಕ್ಕೂ ಯೋಚಿಸಿದೆ. ಏನೂ ಹೊಳೆಯಲಿಲ್ಲ.

ಏಪ್ರಿಲ್ 4

ಹನ್ನೊಂದು ಸಹಿ. ಟೀಚರಮ್ಮನದು ಆಯಿತು, ಸೈಕಲ್ ಅಂಗಡಿಯವರದು ಆಯಿತು. ಇವತ್ತು ಕಿರಣ ಇಪ್ಪತ್ತೆಂಟನೆಯದು. ಅಕ್ಕ ಚೆನ್ನಾಗಿದ್ದಾಳೆ.

"ನಿನ್ನ ಯಂತ್ರ ಮಂಜೂರಾದ್ರೆ ಬರಕ್ಕೆ ಎಷ್ಟು ದಿನ?" ಎಂದು ಕೇಳಿದಳು. ಎರಡು ವರ್ಷ ಎಂದೆ. "ಅಷ್ಟರಲ್ಲಿ ನನಗೆ ಅದು ಬೇಕಾಗಿರಲ್ಲ ಬಿಡು" ಎಂದಳು. ಎಂಥ ಧೈರ್ಯ ಇವಳದು! ಇಂಥ ರೋಗಿಗಳಿರುವ ಊರಿಗೆ ಮೂವತ್ತೇಳು ಜನ ಕಡಿಮೆ ಎನ್ನುವವರಿಗೆ ನಾಚಿಕೆಯಾಗಬೇಕು.

ಏಪ್ರಿಲ್ 5

ನಮ್ಮ ಊರಲ್ಲಿ ಹತ್ತೊಂಬತ್ತು ಮನೆ ಸುತ್ತಿದೆ. ತೀರಿಕೊಂಡವರೂ ಲೆಕ್ಕಕ್ಕೆ ಬರುತ್ತಾರೆ, ಆ ರಾತ್ರಿ ಬದುಕಿದ್ದರೆ ಸಾಕು. ಹತ್ತಿರದವರು ಸಹಿ ಮಾಡಬಹುದು. ಡ್ರೈವರಣ್ಣನ ಹೆಂಡತಿ ‘ವಾಪಸಾಗುವ ದಿನ’ ಎಂಬಲ್ಲಿ ಪೆನ್ನು ನಿಲ್ಲಿಸಿದರು. "ವಾಪಸು ಬಂದ್ರಲ್ಲ ಅವರು. ಆ ದಿನಾನೇ ಬರೀಲಾ?" ಎಂದರು. ಬರೆಯಿರಿ ಎಂದೆ. ಮಾರ್ಚ್ 18 ಎಂದು ಬರೆದರು. ನನಗೆ ಬಂದ ಸಿಟ್ಟು ಯಾರ ಮೇಲೆ ಎಂದು ಇನ್ನೂ ಗೊತ್ತಾಗಿಲ್ಲ.

ಏಪ್ರಿಲ್ 6

ಮೂವತ್ತು ಸಹಿ. ಡಾಕ್ಟರ್ ಹನ್ನೊಂದು ಗಂಟೆಗೆ ನನ್ನನ್ನು ಕಾಣಬೇಕೆಂದಿದ್ದರಂತೆ. ಆಗ ನಾನು ಮೂರನೇ ವಾರ್ಡಿನಲ್ಲಿದ್ದೆ. ನಾಳೆ ನೋಡಿದರಾಯಿತು.

ಏಪ್ರಿಲ್ 7

ಮೂವತ್ತನಾಲ್ಕು. ಇಬ್ಬರು ಮಗಳ ಮನೆಗೆಂದು ಹೋದವರು ಅಲ್ಲೇ ನೆಲೆಯೂರಿದ್ದಾರೆ, ವಾಪಸಾಗುವುದಿಲ್ಲವಂತೆ. ದ್ರೋಹಿಗಳು!

ಏಪ್ರಿಲ್ 8

ಮೂವತ್ತಾರು, ನನ್ನದೂ ಸೇರಿ. ಇನ್ನಿಬ್ಬರ ವಿಳಾಸವೇ ಸಿಗಲಿಲ್ಲ. ಹೋಗಲಿ. ಇನ್ನು ಬೇಕಾದದ್ದು ಒಂದೇ, ಅದು ಮನೆಯದೇ. ಐದು ಲಕ್ಷ ಆದ ಹಾಗೆಯೇ!

ಏಪ್ರಿಲ್ 9

ಬರೆಯಲು ಮನಸ್ಸಿಲ್ಲ. ಬರೆಯದೆ ಇದ್ದರೆ ಯಾರನ್ನಾದರೂ ಹೊಡೆಯುತ್ತೇನೆ.

ಮಧ್ಯಾಹ್ನ ನಾಲ್ಕಕ್ಕೆ ಕುಣಿದುಕೊಂಡು ವಾರ್ಡಿಗೆ ಬಂದೆ. ಅಕ್ಕನ ಹೆಸರು ಬರೆದ ನಮೂನೆಯನ್ನು ಅವಳ ಮಡಿಲಲ್ಲಿಟ್ಟು, "ಅಕ್ಕಾ, ನಿನ್ನದೊಂದೇ ಬಾಕಿ" ಎಂದೆ.

"ವಾಪಸಾಗೋ ದಿನ ಏನು ಬರೀಲಿ?"

"ಮೂವತ್ತೂ ಮುಗೀತಲ್ಲ, ಮುಂದಿನ ವಾರ ಅಂತ ಬರಿ."

"ನಾಳೆ ಅಂತಲೇ ಬರೀತೀನಿ. ನಾಳೆ ಹೋಗೋಣ."

"ಡಾಕ್ಟ್ರು ಬಿಡಬೇಕಲ್ಲ?"

"ಡಾಕ್ಟ್ರು ಎರಡನೇ ಸುತ್ತು ಬೇಕು ಅಂದ್ರು. ಇನ್ನೂ ಇಪ್ಪತ್ತು ಸಲ. ಮಾಡಿಸಿಕೊಂಡ್ರೆ ಉಳೀಬಹುದು ಅಂದ್ರು. ನಾನು ಬೇಡ ಅಂದೆ."

ಯಾವಾಗ ಎಂದು ಕೇಳಿದೆ. ಆರನೇ ತಾರೀಕು ಎಂದಳು. ನನ್ನನ್ನು ಕಾದು ಕಾದು ಅವಳಿಗೇ ಹೇಳಿದರಂತೆ. ನಾನು ಕಿರುಚಿದೆ. ಮೂರು ದಿನದಿಂದ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೀಯಾ, ನನಗೆ ಯಾಕೆ ಹೇಳಲಿಲ್ಲ, ನಾನೇನು ಸತ್ತುಹೋಗಿದ್ದೆನೇ ಎಂದೆಲ್ಲ. ಟೀಚರಮ್ಮ ಎದ್ದು ಕೂತರು.

ಅಕ್ಕನಿಗೆ ಆಗಲೂ ಸಿಟ್ಟು ಬರಲಿಲ್ಲ. "ಹದಿನೆಂಟನೇ ಮಂಚಕ್ಕೆ ಬಂದೆ, ಇಪ್ಪತ್ತನೇ ಮಂಚಕ್ಕೂ ಬಂದೆ. ಇಬ್ಬರ ಹತ್ರಾನೂ ಕೂತು, ಹೇಗಿದ್ದೀರಿ, ಯಾವಾಗ ಮನೆಗೆ ಅಂತ ಕೇಳಿ ಬರಕೊಂಡೆ. ನನ್ನದು ಹತ್ತೊಂಬತ್ತು ಹುಡುಗಿ" ಎಂದಳು.

ಆಮೇಲೆ ಪೆನ್ನು ಎತ್ತಿಕೊಂಡಳು. "ಹೋಗ್ಲಿ. ನಾಳೆ ಅಂತ ಬರೀತೀನಿ, ನಿನ್ನ ಮೂವತ್ತೇಳು ಆಗ್ತದೆ. ನಿನಗಾದ್ರೂ ಸಮಾಧಾನ ಆಗ್ಲಿ."

ಬರೆಯಲು ಶುರು ಮಾಡಿಯೇಬಿಟ್ಟಿದ್ದಳು. ನಾನು ಕಾಗದ ಕಿತ್ತುಕೊಂಡೆ. ಕಿತ್ತುಕೊಂಡ ರಭಸಕ್ಕೆ ಒಂದು ಮೂಲೆ ಅವಳ ಕೈಯಲ್ಲೇ ಉಳಿಯಿತು. ಆ ತಾರೀಕಿಗೆ ಅವಳ ಸಹಿ ನನಗೆ ಬೇಡ. ಐದು ಲಕ್ಷ ಹಾಳಾಗಿ ಹೋಗಲಿ! ಕಡತ ಎತ್ತಿಕೊಂಡು ಮೆಟ್ಟಿಲಿಳಿದು ಬಂದು ಗೇಟಿನ ಪಕ್ಕ ಕೂತು ಇದನ್ನು ಬರೆಯುತ್ತಿದ್ದೇನೆ.

ಮೂವತ್ತೈದು ಜನರನ್ನು ಕೇಳಿದ್ದನ್ನು ಇವಳೊಬ್ಬಳನ್ನು ಕೇಳಲಿಲ್ಲ. ಎಣಿಸುವವಳಂತೆ ನಾನು, ಕಂಡಿಕೆ ಬರೆದವಳಂತೆ. ಥೂ.

ಏಪ್ರಿಲ್ 10

ಬೆಳಿಗ್ಗೆಯಿಂದ ಹತ್ತೊಂಬತ್ತನೇ ಮಂಚದ ಪಕ್ಕ ಕೂತಿದ್ದೇನೆ. ಕಡತವನ್ನು ಮಂಚದ ಕೆಳಗೆ ತಳ್ಳಿದ್ದೇನೆ.

ಯಾಕೆ ಬೇಡ ಅಂದೆ ಎಂದು ಕೇಳಿದೆ. ನೋವಾ? ಅಲ್ಲವಂತೆ. ಹೆದರಿಕೆಯಾ? ಸ್ವಲ್ಪ ಇದೆ, ಆದರೆ ಅದಲ್ಲವಂತೆ. ಆಮೇಲೆ ಹೇಳಿದಳು, "ನಲವತ್ತು ವರ್ಷ ಅಂಗಡೀಲಿ ಜನರ ಮಧ್ಯೆ ಕೂತವಳು ನಾನು. ಇಲ್ಲಿ ಒಬ್ಬಳೇ ಮಲಗಿ ಬಾಲ್ಕನಿ ಎಣಿಸಿಕೊಂಡು ಇನ್ನೂ ಇಪ್ಪತ್ತು ಸಲ ಅಂದ್ರೆ ನನ್ನ ಕೈಲಾಗಲ್ಲ. ನೀನು ಬರ್ತೀಯ, ಹೌದು. ಬಂದು ನಿಲ್ತೀಯ. ಜ್ವರ ಬಂದ ರಾತ್ರಿ ಬಿಟ್ರೆ ಒಂದು ದಿನ ಕೂತಿದ್ದೀಯಾ?"

ಕೂತಿರಲಿಲ್ಲ. ಎದ್ದ ಊರು, ಕೂತ ಊರು ಎಂದು ಊರೆಲ್ಲ ಹಾರಾಡಿದೆನಲ್ಲ.

ಕೈಪುಸ್ತಕದ ಹಿಂದಿನ ಖಾಲಿ ಹಾಳೆ ಹರಿದು ಸಾಹೇಬರಿಗೆ ರಜೆ ಅರ್ಜಿ ಬರೆದೆ. ಇಪ್ಪತ್ತೆರಡು ವರ್ಷ ತೆಗೆದುಕೊಳ್ಳದೆ ಬಿಟ್ಟ ರಜೆ, ಒಟ್ಟಿಗೆ ಎಂಟು ವಾರ. ಕೊಡುವುದಿಲ್ಲ ಎನ್ನಲಿ ನೋಡೋಣ! ಅಕ್ಕ ಅದನ್ನು ಎರಡು ಸಲ ಓದಿದಳು. ಚಹಾ ಕೇಳಿದಳು.

ನಾಲ್ಕೂಕಾಲಿಗೆ ಏದುಸಿರು ಬಿಡುತ್ತ ಮಹಡಿರಾಯ ಬಂದ. ಲಿಫ್ಟು ಕೆಟ್ಟಿತ್ತಂತೆ. ಐದು ಮಹಡಿ ಹತ್ತುವಷ್ಟರಲ್ಲಿ ಆತನಿಗೆ ಸಾಕುಸಾಕಾಗಿತ್ತು. "ಏನಮ್ಮಾ ನೀವು! ಮೊಹರು ಇಟ್ಟುಕೊಂಡು ಬೆಳಿಗ್ಗೆಯಿಂದ ಕಾಯ್ತಿದ್ದೀನಿ. ಐದಕ್ಕೆ ಕೊನೆ!" ಎಂದ. ಮಂಚದ ಕೆಳಗಿಂದ ಕಡತ ತೆಗೆದುಕೊಟ್ಟೆ. ಅಲ್ಲೇ ನಿಂತು ಬೆರಳು ನೆಕ್ಕಿ ಎಣಿಸಿದ. "ಮೂವತ್ತಾರು. ಒಂದು ಕಡಿಮೆ ಇದೆಯಲ್ಲ. ಇವರದು?"

"ಅವರದು ಇಲ್ಲ. ಮೂವತ್ತಾರನ್ನೇ ಕಳಿಸಿ" ಎಂದೆ.

"ಮೂವತ್ತಾರು ಕಳಿಸಿ ಏನು ಪ್ರಯೋಜನ? ನಾಲ್ಕು ಲಕ್ಷದ ತೊಂಬತ್ತೊಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತಕ್ಕೆ ಯಂತ್ರ ಕೊಡ್ತಾರಾ?"

"ಕೊಡದಿದ್ರೆ ಬಿಡಲಿ!"

"ಸ್ವಲ್ಪ ಸುಮ್ಮನಿರೇ" ಎಂದಳು ಅಕ್ಕ. "ಆ ಕಾಗದ ಎಲ್ಲಿ? ಮೂಲೆ ಹರಿದದ್ದು."

ನನ್ನ ಚೀಲದಲ್ಲಿತ್ತು. ಕನ್ನಡಕ ಹಾಕಿಕೊಂಡಳು. ಬಟ್ಟೆಗೆ ಗುರುತು ಹಾಕುವಾಗ ನಾಲಿಗೆ ತುದಿ ಹೊರಗಿಡುತ್ತಾಳಲ್ಲ, ಹಾಗೆಯೇ ಇಟ್ಟು ಬರೆದಳು. ನಿನ್ನೆ ಶುರು ಮಾಡಿದ್ದನ್ನು ಹೊಡೆದುಹಾಕಿ, ‘ವಾಪಸಾಗುವ ದಿನ’ದ ಮುಂದೆ: ಜೂನ್ 2. ‘ಊರು ಬಿಟ್ಟ ಕಾರಣ’ದ ಮುಂದೆ: ತಂಗಿ ಬಿಡಲಿಲ್ಲ.

"ಇದೆಂಥ ಕಾರಣ! ಚಿಕಿತ್ಸೆ ಅಂತ ಬರಿ ಅಕ್ಕಾ, ಮೇಲಿನವರು ತಿರಸ್ಕರಿಸ್ತಾರೆ" ಎಂದೆ.

ಮಹಡಿರಾಯ ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು ಓದಿದ. "ಕಾರಣ ಇಂಥದ್ದೇ ಇರಬೇಕು ಅಂತ ಯಾವ ಕಂಡಿಕೇಲೂ ಇಲ್ಲ. ನಡೀತದೆ" ಎಂದು ಮೊಣಕಾಲ ಮೇಲೆ ಇಟ್ಟುಕೊಂಡು ಮೊಹರು ಒತ್ತಿದ. ನನ್ನ ರಜೆ ಅರ್ಜಿಯನ್ನೂ ಅದೇ ಲಕೋಟೆಗೆ ಹಾಕಿಕೊಂಡು ಮೆಟ್ಟಿಲ ಕಡೆ ಓಡಿದ. ಐದರೊಳಗೆ ಅಂಚೆಗೆ ಮುಟ್ಟಿಸಿರಬೇಕು. ನಾನು ವಿಚಾರಿಸಲಿಲ್ಲ.

ಏಪ್ರಿಲ್ 13

ಇವತ್ತಿನಿಂದ ಎರಡನೇ ಸುತ್ತು. ಒಂದು ಆಯಿತು, ಹತ್ತೊಂಬತ್ತು ಇವೆ. ಬಂದು ಮಲಗಿದ್ದಾಳೆ. ನಿದ್ದೆ ಹತ್ತುವ ಮುಂಚೆ, "ನೀನು ನೋಡ್ತಿರು" ಎಂದು ಕಿಟಕಿ ತೋರಿಸಿದಳು.

ನೋಡುತ್ತಿದ್ದೇನೆ. ಹನ್ನೊಂದನೇ ಮಹಡಿಯವಳು ಹಳದಿ ಹೊದಿಕೆ ತಂದು ಹಾಕಿಲ್ಲ. ನಿನ್ನೆಯೂ ಹಾಕಿರಲಿಲ್ಲ. ಹನ್ನೊಂದು ಗಂಟೆಯಾಯಿತು. ಆ ಮನೆಯಲ್ಲಿ ಏನಾಯಿತೋ ಏನೋ. ಅಕ್ಕಪಕ್ಕದ ಮನೆಗಳೆಲ್ಲ ಖಾಲಿ, ಕೂಗಿದರೂ ಕೇಳುವವರಿಲ್ಲ. ಇಷ್ಟು ದೊಡ್ಡ ಊರಿನಲ್ಲಿ ಅವಳ ಬಾಗಿಲು ತಟ್ಟಿ ಹೇಗಿದ್ದೀಯಮ್ಮಾ ಎನ್ನುವವರು ಒಬ್ಬರೂ ಇಲ್ಲವೇ? ಏನು ಜನವಪ್ಪ!

ಅಕ್ಕ ಎದ್ದ ಮೇಲೆ ಅವಳಿಗೆ ಹೇಳಿ ನಾನೇ ಹೋಗಿ ವಿಚಾರಿಸಿಕೊಂಡು ಬರಬೇಕು.